ಗಢಿಯ ಹೊಟ್ಟೆಸೀಳು

ನನಗೊಂದು ಕೆಟ್ಟ ಚಟವಿದೆ. ಎದುರಿಗಿದ್ದವರು ಏನು ಹೇಳುತ್ತಿದ್ದಾರೆ ಅನ್ನುವುದಕ್ಕಿಂತ ಮೊದಲು ಅವರು ಯಾವ ಅಕ್ಷರ ನುಂಗಿದರು ಅನ್ನುವುದು ನನ್ನ ಕಿವಿಗೆ ಬೀಳುತ್ತದೆ. ನಮ್ಮ ಸುರಪುರದ ಕಡೆ ಮಹಾಪ್ರಾಣ ಯಾರ ಬಾಯಲ್ಲೂ ನಿಲ್ಲುವುದಿಲ್ಲ. ಧನ ಅನ್ನಲು ಹೋಗಿ ದನ ಅನ್ನುತ್ತಾರೆ, ಭಾರ ಬಾರವಾಗುತ್ತದೆ, ಖಾರ ಕಾರವಾಗುತ್ತದೆ. ಮದುವೆಯ ಪಂಕ್ತಿಯಲ್ಲಿ ಕೂತು, ಬಡಿಸುವವರಿಗೆ ಬಜಿ ಅಲ್ಲ, ಭಜಿ ಅನ್ನಬೇಕು ಎಂದು ಪಾಠ ಹೇಳಿದವಳು ನಾನು. ಪಕ್ಕದಲ್ಲಿದ್ದ ನಮ್ಮ ಯಜಮಾನರು ಎಲೆಯಿಂದ ತಲೆ ಎತ್ತದೆ, ಮೊದಲು ಹಾಕಿಸಿಕೋ, ಆರಿಹೋಗುತ್ತದೆ ಎಂದಿದ್ದರು.

ಈ ಚಟದ ಮೇಲೆಯೇ ನನ್ನ ನೌಕರಿ ನಡೆಯಿತು. ತಾಲ್ಲೂಕು ಕಚೇರಿಯೊಂದರಲ್ಲಿ ನಾನು ನಕಲು ಗುಮಾಸ್ತೆ. ನಿಜಾಮರ ಕಾಲದ ಜಮೀನು ಕಾಗದಗಳೆಲ್ಲ ನಮ್ಮಲ್ಲಿ ಉರ್ದುವಿನಲ್ಲಿವೆ. ಅವನ್ನು ಓದಿ ಕನ್ನಡದಲ್ಲಿ ಬರೆದಿಡುವುದು ನನ್ನ ಪಾಲಿನ ಕೆಲಸ. ಉರ್ದು ಕಲಿಸಿದವರು ನಮ್ಮ ಓಣಿಯ ಮೌಲ್ವಿ ಸಾಬರು, ಕನ್ನಡ ತಿದ್ದಿಸಿದವರು ನಮ್ಮಪ್ಪ. ಇಬ್ಬರ ಕೈಯಲ್ಲೂ ಬೆತ್ತವಿತ್ತು. ನಿವೃತ್ತಿಯ ದಿನ ಶಾಲು ಹೊದಿಸಿದ ಸಾಹೇಬರು, ಈ ಅಕ್ಕೋರ ಕೈಯಲ್ಲಿ ಒಂದು ಹೊಟ್ಟೆಸೀಳೂ ತಪ್ಪಿದ್ದಿಲ್ಲ ಎಂದರು. ಅಕ್ಷರದ ಹೊಟ್ಟೆಯಡಿ ಎಳೆಯುವ ಚಿಕ್ಕ ಗೀಟಿಗೆ ನಮ್ಮ ಶಾಲೆಗಳಲ್ಲಿ ಹೊಟ್ಟೆಸೀಳು ಅನ್ನುತ್ತಾರೆ. ಅದು ಬಿದ್ದರೆ ಡ ಹೋಗಿ ಢ ಆಗುತ್ತದೆ. ಆ ಮಾತಿಗೆ ನಾನು ಆ ದಿನ ಎಷ್ಟು ಉಬ್ಬಿದ್ದೆ ಅನ್ನುವುದನ್ನು ನೆನೆದರೆ ಈಗ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಹೋದ ಬೇಸಿಗೆಯ ಕೊನೆಗೆ, ಮಳೆ ಇಂದು ನಾಳೆ ಅನ್ನುತ್ತಿದ್ದ ದಿನಗಳಲ್ಲಿ, ಒಂದು ಗುರುವಾರ ಮುಂಜಾನೆ ಒಬ್ಬ ಹೆಂಗಸು ನಮ್ಮ ಬಾಗಿಲಿಗೆ ಬಂದಳು. ನಲವತ್ತೈದು ದಾಟಿದ ವಯಸ್ಸು, ಗಟ್ಟಿ ಕೈಕಾಲು, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಹಳೆಯ ಉರ್ದು ಕಾಗದ ಓದಿಸಿಕೊಳ್ಳಲು ಜನ ಈಗಲೂ ನನ್ನ ಹತ್ತಿರ ಬರುತ್ತಾರೆ. ಇವಳೂ ಹಾಗೇ ಬಂದಿರಬೇಕು ಎಂದುಕೊಂಡೆ. ಆದರೆ ಚೀಲದಿಂದ ಹೊರಬಂದದ್ದು ಕನ್ನಡದ ನೋಟೀಸು. ಅರ್ಧಕ್ಕೆ ಹರಿದಿತ್ತು, ಹಿಂದೆ ಅಂಟು ಒಣಗಿತ್ತು. ಕಂಬಕ್ಕೆ ಅಂಟಿಸಿ ಹೋಗಿದ್ದರಂತೆ. ಪೋಲಿಯೋ ಹನಿಯ ಕಾಗದ ಇರಬೇಕೆಂದು ಮನೆಯವರೆಲ್ಲ ಸುಮ್ಮನಿದ್ದರಂತೆ. ಹಿಂದಿನ ದಿನ ಯಾರೋ ಓದಿ ಹೇಳಿದ ಮೇಲೆ ಗೊತ್ತಾಗಿದೆ.

ನೋಟೀಸಿನಲ್ಲಿ ಇದ್ದದ್ದು ಇಷ್ಟು. ಅವಳ ಮನೆ ಪಕ್ಕದ ಹೊಲದ ಗಡಿ ದಿಬ್ಬದ ಮೇಲಿದೆ. ಅದು ಅತಿಕ್ರಮಣ. ಸೋಮವಾರ ಹನ್ನೊಂದು ಗಂಟೆಗೆ ಅಧಿಕಾರಿಗಳು ಸ್ಥಳಕ್ಕೆ ಬರುತ್ತಾರೆ, ಮನೆ ತೆರವು ಮಾಡಿಸಿ ದಿಬ್ಬವನ್ನು ಸಮ ಮಾಡಿಸುತ್ತಾರೆ.

ನನಗೆ ಸಿಟ್ಟು ಬಂತು. ಮೂರು ದಿನ ಉಳಿದಾಗ ಬಂದರೆ ನಾನೇನು ಮಂತ್ರ ಹಾಕಲೇ ಎಂದು ರೇಗಿದೆ. ಬದುವಿನ ಮೇಲೆ ಮನೆ ಯಾಕೆ ಕಟ್ಟಿಕೊಂಡಿರಿ ಎಂದೂ ಕೇಳಿದೆ.  ನಾನು ನಿಲ್ಲಿಸಿದ ಮೇಲೆ ಅವಳು ಮೆಲ್ಲಗೆ ಹೇಳಿದಳು:

"ದಿಬ್ಬ ಅಲ್ರಿ ಅಕ್ಕೋರ ಅದು. ಹುಡೇ ಐತಿ. ನಾವು ಹುಡೇ ಕಾಯೋ ಮಂದಿ."

ಹುಡೇ ಅಂದರೆ ನಮ್ಮ ಕಡೆಯ ಮಣ್ಣಿನ ಕೋಟೆ. ದಂಡು ಬಂದಾಗ, ಲೂಟಿಯವರು ಬಂದಾಗ ಊರಿನ ಜನ ಕಾಳು ಕಡಿ, ಮಕ್ಕಳು ಮರಿ ಕಟ್ಟಿಕೊಂಡು ಅದರ ಮೇಲೆ ಹತ್ತುತ್ತಿದ್ದರು. ಹಳೆಯ ಉರ್ದು ಕಾಗದಗಳಲ್ಲಿ ಅದಕ್ಕೆ ಹುಡೇ ಎಂದು ಬರೆದಿರುವುದಿಲ್ಲ. ಗಢಿ ಎಂದು ಬರೆದಿರುತ್ತಾರೆ. ಗಢಿ, ಹೊಟ್ಟೆ ಸೀಳಿದ ಢ. ಆ ಗೀಟು ಬಿಟ್ಟರೆ ಅದು ಗಡಿ, ಹೊಲದ ಎಲ್ಲೆ.

ಕೈಯಲ್ಲಿದ್ದ ನೋಟೀಸು ಒಮ್ಮೆಲೇ ಭಾರವಾಯಿತು. ಅವಳ ಊರು ಯಾವುದು ಎಂದು ಕೇಳಿದೆ. ಶಹಾಪುರದ ದಾರಿಯಲ್ಲಿ ಕಾಲುವೆ ದಾಟಿ ಒಳಗಿರುವ ಒಂದು ಸಣ್ಣ ಊರಿನ ಹೆಸರು ಹೇಳಿದಳು. ಆ ಊರಿನ ದಫ್ತರು ಕನ್ನಡಕ್ಕೆ ಇಳಿದದ್ದು ನಾನು ಕೆಲಸದಲ್ಲಿದ್ದಾಗಲೇ. ಆದರೆ ಆಗ ನಾವು ನಾಲ್ವರು ನಕಲು ಮಾಡುತ್ತಿದ್ದೆವು. ಇದು ಉಳಿದ ಮೂವರಲ್ಲಿ ಒಬ್ಬರ ಕೈಯಾಗಿರಲಿ ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳಿಗೆ ಏನೂ ಹೇಳಲಿಲ್ಲ. ಚಹಾ ಮಾಡಿ ಕೊಟ್ಟೆ.

ಅದೇ ದಿನ ಮಧ್ಯಾಹ್ನ ಅವಳ ಜೊತೆ ಬಸ್ಸು ಹತ್ತಿದೆ. ಕಣ್ಣಾರೆ ನೋಡದೆ ನನಗೆ ನಿಲ್ಲಲಾಗಲಿಲ್ಲ. ಕಾಲುವೆಯ ಹತ್ತಿರ ಇಳಿದು ಭತ್ತದ ಗದ್ದೆಗಳ ನಡುವೆ ಒಂದು ಮೈಲಿ ನಡೆದೆವು. ಗದ್ದೆಗಳು ಮುಗಿದು ಊರು ಶುರುವಾಗುವ ಕಡೆ ಅದು ಎದ್ದು ನಿಂತಿತ್ತು.

ಅದಕ್ಕೆ ಹೊಲದ ಬದು ಎಂದು ಬರೆದವರು ಒಮ್ಮೆಯಾದರೂ ಬಂದು ನೋಡಿದ್ದರೆ ತಾವೇ ನಗುತ್ತಿದ್ದರು. ದೊಡ್ಡ ಹುಣಸೆಮರದಷ್ಟು ಎತ್ತರದ ಗುಂಡನೆಯ ಗುಡ್ಡೆ, ತಲೆ ಮಾತ್ರ ಚಪ್ಪಟೆ. ಎಲ್ಲೂ ಒಂದು ಕಲ್ಲಿಲ್ಲ, ಬರೀ ಬುಟ್ಟಿಯಲ್ಲಿ ಹೊತ್ತು ಸುರಿದ ಮಣ್ಣು. ಸುತ್ತಲೂ ಕಂದಕ. ಈಗ ಅದರಲ್ಲಿ ಆಪು ಹುಲ್ಲು ಬೆಳೆದು ಎಮ್ಮೆಗಳು ಮಲಗಿದ್ದವು. ಕಂದಕದ ಒಳಗೆ, ಗುಡ್ಡೆಯ ಬುಡದಲ್ಲಿ, ಒಂದು ಕಣದಷ್ಟು ಸಮನಾದ ಜಾಗ. ಹಿಂದೆ ಅಲ್ಲಿ ಕುದುರೆ ಕಟ್ಟುತ್ತಿದ್ದರಂತೆ. ಈಗ ಇವಳ ಮಣ್ಣಿನ ಮಾಳಿಗೆ ಮನೆ, ಆಡಿನ ದೊಡ್ಡಿ, ಒಂದು ಬೇವಿನ ಗಿಡ. ಗಂಡ ನಾರಾಯಣಪುರದ ಕಡೆ ಕಾಲುವೆಯ ಗೇಟು ಕಾಯುವ ದಿನಗೂಲಿ, ವಾರಕ್ಕೊಮ್ಮೆ ಬರುತ್ತಾನೆ.

ಗುಡ್ಡೆ ಇಷ್ಟು ಕಾಲ ಕರಗದೆ ಉಳಿದದ್ದು ಹೇಗೆ ಎಂದು ಕೇಳಿದೆ. ಅವಳು ಹೇಳಿದ ಪದ್ಧತಿ ನಾನು ಎಲ್ಲೂ ಓದಿರಲಿಲ್ಲ. ಮಳೆಗಾಲಕ್ಕೆ ಮೊದಲು ಊರಿನ ಜನ ತಮ್ಮ ಮಾಳಿಗೆಗಳಿಗೆ, ಅಂದರೆ ಮಣ್ಣಿನ ಚಾವಣಿಗಳಿಗೆ, ಹಾಕಲು ಹುಡೇದ ಅಂಚಿನ ಮಣ್ಣು ಒಯ್ಯುತ್ತಾರೆ. ಆ ಮಣ್ಣು ಬಿದ್ದರೆ ಮಾಳಿಗೆ ಸೋರುವುದಿಲ್ಲ. ಒಯ್ಯುವವರು ಮೊದಲು ಇವರ ಮನೆಗೆ ಬಂದು ಕೇಳಬೇಕು. ಎಷ್ಟು ಬುಟ್ಟಿ ಬೇಕಾದರೂ ಒಯ್ಯಲಿ, ಆದರೆ ಹೋಗುವ ಮುಂಚೆ ಕಂದಕದ ಕೆಸರು ಒಂದು ಬುಟ್ಟಿ ತುಂಬಿಕೊಂಡು ಮೇಲೆ ಹತ್ತಿ ಹುಡೇದ ತಲೆಯ ಮೇಲೆ ಹಾಕಿ ಹೋಗಬೇಕು. ಅದನ್ನು ಹಾಕಿಸಿಕೊಳ್ಳುವುದು ಈ ಮನೆತನದ ಕೆಲಸ. ಅದಕ್ಕೆಂದೇ ಇವರ ಹಿರಿಯರನ್ನು ಇಲ್ಲಿ ಇರಿಸಿದ್ದು.

"ಈಗೂ ಬಂದು ಕೇಳತಾರೇನು?" ಎಂದೆ.

"ಮೊದಲ ಕೇಳತಿದ್ರು," ಎಂದಳು. ಮುಂದೆ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದಳು.

ಅತ್ತ ಗದ್ದೆಯ ಅಂಚಿನಲ್ಲಿ ಜೆಸಿಬಿ ಆಗಲೇ ಬಂದು ನಿಂತಿತ್ತು. ಅದರ ಬಕೆಟ್ಟು ನೆಲಕ್ಕೆ ಊರಿತ್ತು. ನಾವು ಮಾತಾಡುತ್ತಿದ್ದಷ್ಟು ಹೊತ್ತೂ ಅವಳು ಅದರ ಕಡೆ ಬೆನ್ನು ಹಾಕಿ ನಿಂತಿದ್ದಳು.

ಶುಕ್ರವಾರ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ನಾನು ಹಳೆಯ ಕಚೇರಿಯಲ್ಲಿದ್ದೆ. ದಫ್ತರು ಕೋಣೆ ನೋಡಿಕೊಳ್ಳುವವನು ನನ್ನ ಕೈಕೆಳಗೆ ಪಳಗಿದವನು. ಖುರ್ಚಿ ಕೊಟ್ಟ, ನೀರು ಕೊಟ್ಟ, ಕೇಳಿದ ಎರಡು ಗಂಟುಗಳನ್ನೂ ತಂದು ಮುಂದಿಟ್ಟ. ಕೆಂಪು ಬಟ್ಟೆಯ ಗಂಟು ಉರ್ದು ಮೂಲದ್ದು, ಹಳದಿಯದು ಕನ್ನಡ ನಕಲಿನದು. ನಾನು ಮೊದಲು ಹಳದಿ ಬಿಚ್ಚಬೇಕಿತ್ತು. ಧೈರ್ಯ ಸಾಲದೆ ಕೆಂಪನ್ನು ಬಿಚ್ಚಿದೆ.

ಆ ಊರಿನ ಹಾಳೆ ಸಿಕ್ಕಿತು, ಪಕ್ಕದ ಹೊಲದ ಎಲ್ಲೆ ಬರೆದ ಸಾಲೂ ಸಿಕ್ಕಿತು. ಆದರೆ ಬೇಕಾದ ಜಾಗದಲ್ಲೇ ಗೆದ್ದಲು ತಿಂದು ಕಡಲೆಕಾಳಿನಷ್ಟು ತೂತು. ಗ ಇದೆ, ಡ ಇದೆ, ಮುಂದೆ ತೂತು. ಉರ್ದುವಿನಲ್ಲಿ ಡ ಢ ಆಗಬೇಕಾದರೆ ಅದರ ಮಗ್ಗುಲಲ್ಲಿ ಇನ್ನೊಂದು ಅಕ್ಷರ ಕೂರಬೇಕು. ದೋಚಷ್ಮಿ ಹೇ, ಅಂದರೆ ಎರಡು ಕಣ್ಣಿನ ಹೇ. ಎರಡು ಸೊನ್ನೆ ಅಂಟಿಸಿದ ಹಾಗಿರುತ್ತದೆ. ಗೆದ್ದಲು ತಿಂದದ್ದು ಸರಿಯಾಗಿ ಆ ಎರಡು ಕಣ್ಣನ್ನೇ.

ಆಮೇಲೆ ಹಳದಿ ಗಂಟು ಬಿಚ್ಚಿದೆ. ಹಾಳೆ ತಿರುವುವ ಮೊದಲೇ ಗೊತ್ತಾಯಿತು. ದುಂಡಗೆ, ಸಾಲು ಬಿಡದೆ, ನೀಲಿ ಮಸಿಯಲ್ಲಿ ಬರೆದ ಆ ಕೈ ನನ್ನದೇ. ಪಡುವಣ ಗಡಿ ದಿಬ್ಬ ಎಂದು ಬರೆದಿದ್ದೆ. ಡ ನುಣ್ಣಗೆ ಕೂತಿತ್ತು, ಹೊಟ್ಟೆಯ ಕೆಳಗೆ ಏನೂ ಇರಲಿಲ್ಲ. ದಿಬ್ಬ ಅನ್ನುವ ಮಾತಂತೂ ಮೂಲದಲ್ಲೇ ಇಲ್ಲ. ಬರೀ ಗಡಿ ಎಂದರೆ ಅರ್ಥವಾಗುವುದಿಲ್ಲವೆಂದು ನಾನೇ ಜಾಣತನ ಮಾಡಿ ಸೇರಿಸಿದ್ದೆ. ಹಾಳೆಯ ಕೊನೆಗೆ, ನಕಲು ಮಾಡಿದವರು ಅನ್ನುವ ಕಡೆ, ನನ್ನ ಸಣ್ಣ ಸಹಿ.

ಆ ದಿನ ಏನಾಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಮಗಳ ಮೈಮೇಲೆ ಗೋವರ ಎದ್ದು ಜ್ವರ ಬಂದಿತ್ತೇ, ಸಂಜೆಯ ಬಸ್ಸಿಗೆ ಹೊತ್ತಾಗಿತ್ತೇ, ಮನೆಯಲ್ಲಿ ಜಗಳವಾಗಿತ್ತೇ? ಒಂದು ನೆಪವಾದರೂ ಸಿಕ್ಕಿದರೆ ಸಾಕಿತ್ತು. ಏನೂ ನೆನಪಾಗಲಿಲ್ಲ. ಒಂದು ಮನೆತನವನ್ನು ನಾನು ಕೆಡಿಸಿದ ದಿನ ನನಗೆ ಬೇರೆ ದಿನಗಳ ಹಾಗೆಯೇ ಕಳೆದುಹೋಗಿತ್ತು.

ದಫ್ತರಿನವನು ನನ್ನ ಮುಖ ನೋಡಿ ಬಗ್ಗಿ ಹಾಳೆ ನೋಡಿದ. ಅವನಿಗೂ ತಿಳಿಯಿತು. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಅಕ್ಕೋರ, ನೀವು ನೋಡೇ ಇಲ್ಲ, ನಾನೂ ತೋರಿಸೇ ಇಲ್ಲ. ಈ ಸಹಿ ಯಾರದು ಅಂತ ಇಲ್ಲಿ ಯಾರಿಗೂ ಗುರುತಿಲ್ಲ. ಪಿಂಚಣಿ ಮ್ಯಾಲ ಯಾಕ ಕಲ್ಲು ಹಾಕ್ಕೋತೀರಿ? ಮನಿಗೆ ಹೋಗ್ರಿ."

ಅವನು ಹೇಳಿದ್ದು ನನ್ನ ಒಳ್ಳೆಯದಕ್ಕೇ. ನಾನು ಗಂಟು ಕಟ್ಟಿದೆ.  ಮನೆಗೆ ಹೋದೆ.

ಶನಿವಾರ, ಭಾನುವಾರ ಹೇಗೆ ಕಳೆದೆನೋ. ಮೂಲದಲ್ಲಿ ತೂತು, ನಕಲಿನಲ್ಲಿ ತಪ್ಪು. ಗಢಿ ಅನ್ನುವುದಕ್ಕೆ ಉಳಿದ ಸಾಕ್ಷಿ ನಾನೊಬ್ಬಳೇ, ಅದೂ ನನ್ನ ತಪ್ಪನ್ನು ನಾನೇ ಒಪ್ಪಿಕೊಂಡರೆ ಮಾತ್ರ. ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಶಾಲು ನನ್ನ ಹೆಗಲ ಮೇಲೇ ಇರುತ್ತದೆ, ಅವಳ ಮನೆ ಹೋಗುತ್ತದೆ. ಇದರಲ್ಲಿ ಯೋಚನೆ ಮಾಡುವುದೇನಿದೆ ಎಂದು ಈಗ ಅನ್ನಿಸುತ್ತದೆ. ಆದರೆ ಎರಡು ದಿನ ನಾನು ಯೋಚನೆ ಮಾಡಿದೆ, ಸುಳ್ಳು ಹೇಳುವುದಿಲ್ಲ. ಅವಳ ಊರಿನಲ್ಲೇ ಬೇರೆ ಜಾಗ ಕೊಡಬಹುದು ಎಂದುಕೊಂಡೆ. ಮಣ್ಣಿನ ಗುಡ್ಡೆ, ಇವತ್ತಲ್ಲ ನಾಳೆ ಕರಗುವುದೇ ಎಂದೂ ಅಂದುಕೊಂಡೆ. ಆ ಎರಡು ದಿನ ನಾನು ಯಾರ ಮಾತನ್ನೂ ತಿದ್ದಲಿಲ್ಲ. ಯಜಮಾನರು ನನ್ನ ಹಣೆ ಮುಟ್ಟಿ ಜ್ವರ ನೋಡಿದರು.

ಸೋಮವಾರ ಹತ್ತೂವರೆಗೆ ಹುಡೇದ ಹತ್ತಿರ ಇದ್ದೆ. ಹೇಳಬೇಕೋ ಬೇಡವೋ ಅನ್ನುವುದು ಆಗಲೂ ತೀರ್ಮಾನವಾಗಿರಲಿಲ್ಲ. ಉರ್ದು ಓದಿಕೊಡಲು ಬಂದವಳು ಎಂದು ಹೇಳಿದರಾಯಿತು ಎಂದುಕೊಂಡಿದ್ದೆ. ಅವಳ ಗಂಡನಿಗೆ ರಜೆ ಸಿಕ್ಕಿರಲಿಲ್ಲ, ಅದು ಕಾಲುವೆಗೆ ನೀರು ಬಿಡುವ ವಾರ. ಅವಳು ಪಾತ್ರೆ ಪಗಡೆಯನ್ನೆಲ್ಲ ಬೇವಿನ ಗಿಡದ ಕೆಳಗೆ ತಂದಿಟ್ಟಿದ್ದಳು. ಆಡುಗಳನ್ನು ಒಂದೇ ಹಗ್ಗಕ್ಕೆ ಕಟ್ಟಿದ್ದಳು. ಜೆಸಿಬಿ ಈಗ ಕಂದಕದ ಅಂಚಿಗೇ ಬಂದಿತ್ತು. ಚಾಲಕ ಇಂಜಿನ್ನು ಆರಿಸದೆ ಕೂತಿದ್ದ. ಅದರ ಸದ್ದಿಗೆ ನಾವೆಲ್ಲ ಜೋರಾಗಿಯೇ ಮಾತಾಡಬೇಕಾಗಿತ್ತು.

ಪಕ್ಕದ ಹೊಲದ ಸಾಹುಕಾರರು ಕೆಟ್ಟವರೇನಲ್ಲ. ಮರ್ಯಾದೆಯಿಂದ ನಮಸ್ಕಾರ ಮಾಡಿದರು, ನೆರಳಿಗೆ ಬರ್ರಿ ಅಂದರು. ಕಾಗದದಲ್ಲಿ ಬದು ತಮ್ಮದು ಎಂದಿದೆ, ಬದು ತೆಗೆದರೆ ಗದ್ದೆ ಒಂದಾಗುತ್ತದೆ, ಅಷ್ಟೇ ಅವರ ಲೆಕ್ಕ. ಅಧಿಕಾರಿ ಮೈಸೂರು ಕಡೆಯ ಹುಡುಗಿ, ನನ್ನ ಮಗಳ ವಯಸ್ಸು, ಬಂದು ಆರು ತಿಂಗಳಾಗಿರಬೇಕು. ಜೀಪಿನಿಂದ ಇಳಿದವರೇ ಒಮ್ಮೆ ಹುಡೇದ ತುದಿಯ ತನಕ ತಲೆ ಎತ್ತಿ ನೋಡಿದರು, ಆಮೇಲೆ ಕೈಯಲ್ಲಿದ್ದ ಕಾಗದ ನೋಡಿದರು. ಇದು ಬದುವೇ ಎಂದು ಸಾಹುಕಾರರನ್ನು ಕೇಳಿದರು.

ಸಾಹುಕಾರರು ತಯಾರಾಗಿಯೇ ಬಂದಿದ್ದರು. ಮುತ್ತಾತನ ಕಾಲದ ಖರೀದಿ ಪತ್ರವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಅಂಟಿಸಿಟ್ಟಿದ್ದರು. ಅದು ಉರ್ದುವಿನಲ್ಲಿದೆ, ಅವರ ಮನೆಯಲ್ಲಿ ಅದನ್ನು ಓದಬಲ್ಲವರು ಯಾರೂ ಉಳಿದಿಲ್ಲ. ನನ್ನನ್ನು ಕಂಡು ಅವರಿಗೆ ಖುಷಿಯೇ ಆಗಿತ್ತು.

"ಅಕ್ಕೋರು ಉರ್ದು ಓದತಾರ, ಅವರ ಕಡೀಂದನ ಓದಸ್ರಿ ಮೇಡಂ. ಹುಡೇತನಾ ನಮ್ಮ ಹದ್ದು ಅದ ಅಂತ ನಮ್ಮ ಹಿರ್ಯಾರು ಹೇಳತಿದ್ರು."

ಹಾಳೆ ನನ್ನ ಕೈಗೆ ಬಂತು. ಹಳೆಯ ಪತ್ರಗಳಲ್ಲಿ ನಾಲ್ಕು ದಿಕ್ಕಿನ ಎಲ್ಲೆ ಬರೆಯುವ ಒಂದು ಭಾಗವಿರುತ್ತದೆ, ಹುದೂದೆ ಅರ್ಬಾ ಎಂದು ಅದರ ಹೆಸರು. ಮೂಡಣಕ್ಕೆ ದಾರಿ, ತೆಂಕಣಕ್ಕೆ ಹಳ್ಳ, ಬಡಗಣಕ್ಕೆ ಇನ್ನೊಬ್ಬರ ಹೊಲ. ಪಡುವಣಕ್ಕೆ ಒಂದೇ ಮಾತು. ಗ, ಡ, ಅದರ ಮಗ್ಗುಲಿಗೆ ಎರಡು ಕಣ್ಣಿನ ಹೇ, ಕೊನೆಗೆ ಈ. ಗೆದ್ದಲು ತಿಂದ ಆ ಎರಡು ಕಣ್ಣು ಇಲ್ಲಿ ಒಂದಿಷ್ಟೂ ಮಾಸದೆ ನನ್ನನ್ನೇ ನೋಡುತ್ತಿದ್ದವು.

"ಪಡುವಣಕ್ಕೆ ಗಢಿ," ಎಂದು ಓದಿದೆ. ಉಸಿರು ತುಂಬಿ, ಒತ್ತಿ ಓದಿದೆ.

"ಅದನ್ನ ಹೇಳಾಕತ್ತೀನಿ ನಾನೂ!" ಎಂದರು ಸಾಹುಕಾರರು. "ಗಡಿ!"

ಅಲ್ಲ, ಗಢಿ ಎಂದೆ. ಹೌದ್ರಿ, ಗಡಿ ಎಂದರು. ನೆರೆದ ಜನವೂ ಹೌದು ಹೌದು, ಗಡಿ ಎಂದು ತಲೆಯಾಡಿಸಿತು. ನಾನು ಮೂರು ಸಲ ಹೇಳಿದೆ. ಮೂರು ಸಲವೂ ಅವರ ಕಿವಿಗೆ ಅದು ಗಡಿಯೇ ಆಗಿ ಬಿತ್ತು. ಜೀವಮಾನವಿಡೀ ಇವರ ಕಿವಿ ಹಿಂಡುತ್ತ ಬಂದವಳು ನಾನು. ಆ ಹೊತ್ತಿನಲ್ಲಿ ಆ ಇಂಜಿನ್ನಿನ ಸದ್ದಿನ ನಡುವೆ ನನ್ನ ಮಹಾಪ್ರಾಣ ಯಾರಿಗೂ ಕೇಳಿಸಲಿಲ್ಲ.

ಅಧಿಕಾರಿಗೆ ಮಾತ್ರ ಕೇಳಿಸಿತ್ತು. ಎರಡಕ್ಕೂ ವ್ಯತ್ಯಾಸವೇನು ಎಂದು ಕೇಳಿದರು. ಹೇಳಿದೆ. ಉರ್ದು ಬರೆಯುವವನು ಎಲ್ಲೆಗೆ ಗಡಿ ಎಂದು ಬರೆಯುವುದೇ ಇಲ್ಲ, ಹದ್ ಎಂದು ಬರೆಯುತ್ತಾನೆ. ಈಗ ತಾನೇ ಸಾಹುಕಾರರೂ ಹದ್ದು ಎಂದೇ ಅಂದರು, ಹುಡೇತನಕ ಎಂದೂ ಅಂದರು. ಹೊಲದ ಎಲ್ಲೆ ಹುಡೇದ ತನಕ ಬಂದು ನಿಲ್ಲುತ್ತದೆ, ಹುಡೇ ಎಲ್ಲೆಯಲ್ಲ, ಎಂದೆ. ಅಧಿಕಾರಿ ತಲೆ ಅಲ್ಲಾಡಿಸಿದರು. ಆದರೆ ಮುಖ ಬಿಗಿದೇ ಇತ್ತು.

"ನನಗೆ ಉರ್ದು ಬರಲ್ಲ, ಮೇಡಂ. ನನ್ನ ಕೈಲಿರೋದು ಕಚೇರಿಯ ಕನ್ನಡ ನಕಲು. ಅದರಲ್ಲಿ ಗಡಿ ದಿಬ್ಬ ಅಂತ ಸ್ಪಷ್ಟವಾಗಿದೆ. ಸರ್ಕಾರಿ ನಕಲನ್ನ ಬಿಟ್ಟು ನಿಮ್ಮ ಮಾತನ್ನ ಯಾವ ಆಧಾರದ ಮೇಲೆ ನಂಬಲಿ?"

ಸರಿಯಾದ ಪ್ರಶ್ನೆ. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಕೇಳುತ್ತಿದ್ದೆ. ಸಾಹುಕಾರರು ಚಾಲಕನ ಕಡೆ ನೋಡಿದರು. ಅವನು ಗೇರಿನ ಮೇಲೆ ಕೈ ಇಟ್ಟ. ಬೇವಿನ ಕೆಳಗೆ ನಿಂತಿದ್ದ ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಒಂದು ಆಡಿನ ಕಿವಿ ಹಿಡಿದುಕೊಂಡು ಸವರುತ್ತಿದ್ದಳು.  ಶಾಲು, ಸಾಹೇಬರ ಹೊಗಳಿಕೆ, ಪಿಂಚಣಿ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.

"ಆ ನಕಲು ಮಾಡಿದಾಕಿ ನಾನರಿ," ಎಂದೆ. "ತಪ್ಪು ನಂದು."

ಇಂಜಿನ್ನಿನ ಸದ್ದಿಗೆ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಏನಂದಿರಿ ಎಂದು ಅಧಿಕಾರಿ ಹತ್ತಿರ ಬಂದರು. ಎರಡನೇ ಸಲ ಹೇಳಬೇಕಾಯಿತು, ಗಟ್ಟಿಯಾಗಿ. ಮೊದಲನೆಯದಕ್ಕಿಂತ ಅದು ಕಷ್ಟ.

ಬರೆದುಕೊಡುತ್ತೀರಾ ಎಂದು ಕೇಳಿದರು. ವಿಚಾರಣೆ ಆಗಬಹುದು, ನಿಮ್ಮ ಮೇಲೂ ಬರಬಹುದು ಎಂದು ಮೊದಲೇ ಹೇಳಿದರು, ಮುಚ್ಚಿಡಲಿಲ್ಲ. ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆದೆ. ಬಿಸಿಲಿಗೆ ತಗಡು ಸುಡುತ್ತಿತ್ತು. ಗಢಿ ಎಂದು ಬರೆಯುವ ಜಾಗ ಬಂದಾಗ ಗೀಟನ್ನು ಎಷ್ಟು ಒತ್ತಿ ಎಳೆದೆನೆಂದರೆ ಕಾಗದ ಹರಿಯಿತು. ಹರಿದ ಕಾಗದಕ್ಕೇ ಸಹಿ ಮಾಡಿದೆ, ಈ ಸಲ ಪೂರ್ತಿ ಹೆಸರು ಬರೆದೆ.

ಸಾಹುಕಾರರಿಗೆ ಸಿಟ್ಟು ಬಂದಿತ್ತು. ಇವರ ಒಂದು ಗೀಟಿಗೆ ತಾವು ಗದ್ದೆ ಬಿಡಬೇಕೇ ಎಂದು ಅಧಿಕಾರಿಯನ್ನು ಕೇಳಿದರು. ನಿಮ್ಮ ಪತ್ರವೇ ಹಾಗೆ ಹೇಳುತ್ತಿದೆಯಲ್ಲ ಎಂದರು ಅವರು. ಯಾದಗಿರಿಯಿಂದ ಉರ್ದು ಬಲ್ಲ ಇನ್ನೊಬ್ಬರನ್ನು ಕರೆಸಿ ಪತ್ರ ಓದಿಸುವುದಾಗಿ, ಅಲ್ಲಿಯತನಕ ಒಂದು ಸಲಿಕೆ ಮಣ್ಣೂ ತೆಗೆಯಬಾರದೆಂದು ಬರೆಸಿದರು. ಚಾಲಕ ಇಂಜಿನ್ನು ಆರಿಸಿದ. ಆಗ ಕಂದಕದಲ್ಲಿ ಕಪ್ಪೆಗಳು ಕೂಗುತ್ತಿದ್ದದ್ದು ಕೇಳಿಸಿತು.

ಜನ ಚದುರಿದ ಮೇಲೆ ಅವಳ ಹತ್ತಿರ ಹೋದೆ. ಕಾಲು ಹಿಡಿಯುತ್ತಾಳೇನೋ, ನಾನು ಬೇಡ ಅನ್ನಬೇಕು ಎಂದೆಲ್ಲ ಮನಸ್ಸು ಲೆಕ್ಕ ಹಾಕುತ್ತಿತ್ತು. ಎಂಥ ಮೂಢ ಮನಸ್ಸು! ಅವಳು ಪಾತ್ರೆಗಳನ್ನು ಮತ್ತೆ ಒಳಗೆ ಸಾಗಿಸುತ್ತಿದ್ದಳು. ಕೊಡ ಕೆಳಗಿಟ್ಟು ನನ್ನನ್ನು ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಆ ಕನ್ನಡ ಕಾಗದ ಬಂದಾಗ ನಮ್ಮತ್ತೀನ ಚಾವಡಿಗೆ ಕರದಿದ್ರರಿ. ಕಬ್ಜಾ ಮಾಡೀರಿ ಅಂತ ಹೇಳಿ ಹೆಬ್ಬಟ್ಟು ಒತ್ತಿಸಿಕೊಂಡ್ರು. ಅವತ್ತಿಂದ ಮಣ್ಣು ಒಯ್ಯಾಕ ಬಂದೋರು ಯಾರೂ ನಮ್ಮನ್ನ ಕೇಳಲಿಲ್ಲ. ಸಾಯೋತನಾ ಆಕಿ ಕೇಳತಿದ್ಳು, ನಮ್ಮ ಹಿರ್ಯಾರು ಖರೇನ ಕಳವು ಮಾಡಿದ್ರೇನ ಅಂತ."

  ಗುರುವಾರ ಅವಳು ಅರ್ಧಕ್ಕೆ ನುಂಗಿದ ಮಾತು ಅದು. ಅವಳು ಕೊಡ ಎತ್ತಿಕೊಂಡು ಒಳಗೆ ಹೋದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅಳುತ್ತ ಬಂದೆ, ಪಕ್ಕದಲ್ಲಿದ್ದವರು ಸೀಟು ಬಿಟ್ಟು ಸರಿದು ಕೂತರು.

ತಿದ್ದುಪಡಿಗೆ ಎರಡು ತಿಂಗಳು ಹಿಡಿಯಿತು. ಈ ನಡುವೆ ನನಗೂ ಕಾರಣ ಕೇಳಿ ಒಂದು ನೋಟೀಸು ಬಂತು. ಇದ್ದದ್ದು ಇದ್ದ ಹಾಗೆ ಉತ್ತರ ಬರೆದೆ. ಅದರ ಗತಿ ಏನಾಗುತ್ತದೋ, ಇನ್ನೂ ತಿಳಿದಿಲ್ಲ. ಯಾದಗಿರಿಯಿಂದ ಬಂದವರು ಸಾಹುಕಾರರ ಪತ್ರ ಓದಿ ಗಢಿಯೇ ಹೌದೆಂದು ಬರೆದುಕೊಟ್ಟಿದ್ದರು. ತಿದ್ದಿದ ಪ್ರತಿ ತಯಾರಾಗಿದೆ ಎಂದು ಫೋನು ಬಂದ ದಿನ ನಾನೇ ಹೋದೆ. ಕಂಪ್ಯೂಟರಿನ ಹುಡುಗಿ ಬಿಸಿಬಿಸಿ ಹಾಳೆ ಕೈಗೆ ಕೊಟ್ಟಳು. ಓದಿದೆ. ಪಡುವಣಕ್ಕೆ ಗಡಿ.

 ಇದೇನವ್ವ ಎಂದು ಕೂಗಿಯೇಬಿಟ್ಟೆ. ಪಾಪ, ಅವಳು ಗಾಬರಿಯಾಗಿ ತನ್ನ ಮುಂದಿದ್ದ ಆದೇಶ ನೋಡಿದಳು, ಪರದೆ ನೋಡಿದಳು. ಎರಡೂ ಒಂದೇ ಅಲ್ಲೇನ್ರಿ ಎಂದಳು. ಅವಳಿಗೆ ಬೈಯಲು ನಾನು ಯಾರು? ಅಧಿಕಾರಿಯ ಕೋಣೆಗೆ ಹೋಗಿ, ಗಢಿಯ ಪಕ್ಕದಲ್ಲಿ ಊರಿನ ಜನ ಕರೆಯುವ ಹೆಸರನ್ನೂ ಹಾಕಿಸಿ ಎಂದು ಕೇಳಿಕೊಂಡೆ. ಮುಂದೆ ಇನ್ನಾವಳೋ ನನ್ನಂಥವಳು ಗೀಟು ಮರೆತರೂ ಆ ಹೆಸರು ತಪ್ಪುವುದಿಲ್ಲ ಎಂದೆ. ಅವರು ನಕ್ಕು ಬರೆದುಕೊಟ್ಟರು. ಹೊಸ ಹಾಳೆಯಲ್ಲಿ ಪಡುವಣಕ್ಕೆ ಗಢಿ, ಅಂದರೆ ಹುಡೇ, ಕಾಯುವವರ ಮನೆ ಸಹಿತ ಎಂದು ಬಂತು. ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಆ ಹಾಳೆ ಹಿಡಿದು ಹುಡೇದ ಹತ್ತಿರ ಹೋದಾಗ ಮಳೆ ಬಿಟ್ಟು ಎರಡು ದಿನವಾಗಿತ್ತು. ಗುಡ್ಡೆಯ ಮೇಲೆಲ್ಲ ಹಸಿರು ಮೂಡಿತ್ತು. ಅವಳಿಗೆ ಓದಲು ಬರುವುದಿಲ್ಲ, ನಾನೇ ಓದಿ ಹೇಳಿದೆ. ಕಾಯುವವರ ಮನೆ ಅನ್ನುವಲ್ಲಿ ಇನ್ನೊಮ್ಮೆ ಓದಿಸಿಕೊಂಡಳು. ಹಾಳೆಯನ್ನು ಒಳಗೆ ಒಯ್ದು ಅತ್ತೆಯ ಫೋಟೋದ ಹಿಂದೆ ಸಿಕ್ಕಿಸಿ ಬಂದಳು. ಆಮೇಲೆ ಗೋಡೆಗೆ ಒರಗಿಸಿದ್ದ ಬುಟ್ಟಿ ತಂದು ನನ್ನ ಮುಂದಿಟ್ಟಳು.

"ಇಲ್ಲಿಂದ ಒಯ್ದೋರು ಒಂದು ಬುಟ್ಟಿ ಹಾಕಿ ಹೋಗಬೇಕ್ರಿ, ಅಕ್ಕೋರ. ನೀವೂ ಒಯ್ದೀರಿ."

ಸೀರೆ ಎತ್ತಿ ಕಟ್ಟಿ ಕಂದಕಕ್ಕೆ ಇಳಿದೆ. ಕೆಸರು ತುಂಬಿದೆ, ಅವಳು ತಲೆಗೆ ಎತ್ತಿಕೊಟ್ಟಳು. ನನ್ನ ಮಂಡಿ ಎಂದೋ ಸವೆದಿದೆ. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತ ಏರಿದೆ, ಕೆಸರ ನೀರು ಕುತ್ತಿಗೆಯಿಂದ ಬೆನ್ನಿಗೆ ಇಳಿಯುತ್ತಿತ್ತು. ಅವಳು ಹಿಂದೆಯೇ ಬರುತ್ತಿದ್ದಳು, ಕೈ ಕೊಡಲಿಲ್ಲ. ಮೇಲೆ ತಲುಪಿ ಸುರಿದೆ. ಅವಳು ಬರಿಗಾಲಿನಲ್ಲಿ ಅದನ್ನು ಹರಡಿ ತುಳಿದಳು. ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಇನ್ನೊಂದು ತರುತ್ತೇನೆ ಎಂದು ಬುಟ್ಟಿ ಕೇಳಿದೆ. ಅವಳು ಬುಟ್ಟಿಯನ್ನು ಸೊಂಟಕ್ಕೆ ಒತ್ತಿ ಹಿಡಿದುಕೊಂಡಳು.

"ಒಂದ ಸಾಕ್ರಿ," ಎಂದಳು. "ಒಂದ ರೂಡಿ."

ರೂಢಿ ಅನ್ನಬೇಕಿತ್ತು. ನಾನು ತಿದ್ದಲಿಲ್ಲ.